ಬಳೆ ಅಜ್ಜನ ಕಾರಿಗೆ ಕೈಕ್ಲಚ್ಚು

ಹಳೇ ಕಾರು ಕೊಳ್ಳಲು ಬರುವವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಎಷ್ಟು ಓಡಿದೆ ಎಂದು ಮೀಟರ್ ನೋಡುತ್ತಾರೆ, ಕೊನೆಗೆ ಸುಳ್ಳು ಹೇಳುತ್ತಿದ್ದೇನೆಯೋ ಎಂದು ನನ್ನ ಮುಖ ನೋಡುತ್ತಾರೆ. ಚನ್ನಗಿರಿಯ ನನ್ನ ಅಂಗಡಿಗೆ ಆ ದಿನ ಬಂದ ಹೆಣ್ಣುಮಗಳು ಈ ಮೂರನ್ನೂ ನೋಡಲಿಲ್ಲ. ಊರುಗೋಲನ್ನು ಗೋಡೆಗೆ ಒರಗಿಸಿ, ಮುಂದೆ ನಿಂತಿದ್ದ ಬೆಳ್ಳಿ ಬಣ್ಣದ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು, ಬಗ್ಗಿ, ಕ್ಲಚ್ ಪೆಡಲನ್ನು ಎಡಗೈಯಿಂದ ಒತ್ತಿದಳು.

"ಅಣ್ಣಾರೆ, ಇದು ಭಾಳ ಬಿಗಿ ಐತೆ," ಎಂದಳು.

ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಎಡಗಾಲಿಗೆ ಚಿಕ್ಕಂದಿನಿಂದ ಬಲವಿಲ್ಲ, ಬಲಗಾಲು ಗಟ್ಟಿಯಾಗಿದೆ. ಜಗಳೂರಿನ ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಲ್ಯಾಬ್ ಟೆಕ್ನಿಷಿಯನ್. ಸೂಳೆಕೆರೆ ಪಕ್ಕದ ಹಳ್ಳಿಯಲ್ಲಿ ಅವಳ ಅತ್ತೆಯ ಮನೆ ಇದೆ, ಅಂದರೆ ತಂದೆಯ ತಂಗಿಯ ಮನೆ. ಆ ಅತ್ತೆಯ ಗಂಡ ನನ್ನ ಹಳೆಯ ಗಿರಾಕಿ. ಹಾಗಾಗಿ ಅಷ್ಟು ದೂರದಿಂದ ನನ್ನನ್ನು ಹುಡುಕಿಕೊಂಡು ಅಪ್ಪನ ಜೊತೆ ಬಂದಿದ್ದಳು.

ವಿಷಯ ಇಷ್ಟು. ಸಕ್ಕರೆ ಕಾಯಿಲೆಯವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಹಳ್ಳಿಗಳಿಂದ ಮೊದಲ ಬಸ್ಸಿಗೇ ಬಂದು ಕೂತಿರುತ್ತಾರೆ. ಇವಳು ಹೋಗುವುದು ಪಕ್ಕಕ್ಕೆ ಎರಡು ಗಾಲಿ ಕಟ್ಟಿದ ಸ್ಕೂಟರಿನಲ್ಲಿ. ಆ ರಸ್ತೆಯ ಗುಂಡಿಗಳಿಗೆ ಪಕ್ಕದ ಗಾಲಿಯ ಆಕ್ಸಲ್ ಪದೇ ಪದೇ ತುಂಡಾಗುತ್ತದೆ. ಮೊದಲ ಬಸ್ಸಿಗೆ ಹೋಗೋಣವೆಂದರೆ ಮೆಟ್ಟಿಲು ಎತ್ತರ, ನೂಕುನುಗ್ಗಲು, ಡ್ರೈವರ್ ಪೂರ್ತಿ ನಿಲ್ಲಿಸುವುದೂ ಇಲ್ಲ. ಹಾಗಾಗಿ ತಡ. ಡಾಕ್ಟರು ಒಳ್ಳೆಯವರೇ. ಕರೆದು ಹೇಳಿದ್ದರಂತೆ: "ನಿನ್ ಮೇಲೆ ಸಿಟ್ಟಿಲ್ಲಮ್ಮ. ಆದ್ರೆ ಹಸ್ಕಂಡು ಕೂತ ಮುದುಕ್ರನ್ನ ನಾನು ಎಷ್ಟೊತ್ತು ಕೂರಿಸ್ಲಿ? ಹೊಸ ಗುತ್ತಿಗೆ ಶುರುವಾದ ಮೇಲೆ ಎಂಟಕ್ಕೆ ನೀನು ಇಲ್ಲಿರಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಬೇರೆಯವ್ರನ್ನ ತಗಂತೀವಿ."

ಆಗಲ್ಲ ಎಂದು ಅವಳು ಹೇಳಿರಲಿಲ್ಲ. ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸಿ, ದಾವಣಗೆರೆಯಲ್ಲಿ ಡ್ರೈವಿಂಗ್ ಟೆಸ್ಟಿಗೆ ದಿನಾಂಕವನ್ನೂ ಹಿಡಿದಿದ್ದಳು. ಕಾರು ಮಾತ್ರ ಇರಲಿಲ್ಲ. ಕ್ಲಚ್ಚನ್ನು ಕೈಗೆ ಬದಲಾಯಿಸಿದ, ಹಾಗೆಂದು ಆರ್‌ಸಿಯಲ್ಲಿ ನಮೂದಾದ ಕಾರು ಬೇಕು, ಅದರಲ್ಲೇ ಟೆಸ್ಟು. ಗೇರಿಲ್ಲದ ಆಟೋಮ್ಯಾಟಿಕ್ ಕಾರು ಇವರ ಕೈಗೆ ಎಟುಕುವಂಥದ್ದಲ್ಲ.

ನಾನು ವ್ಯಾಪಾರಿ. ಬೆಳ್ಳಿ ಬಣ್ಣದ್ದು ಅಂಗಡಿಯಲ್ಲಿ ಬಹಳ ದಿನದಿಂದ ನಿಂತಿತ್ತು. "ಹೊನ್ನಾಳೀಲಿ ನಮ್ಮ ಮೇಸ್ತ್ರಿ ಇದಾನೆ. ಇದಕ್ಕೇ ಕೈಕ್ಲಚ್ಚು ಕೂರಿಸ್ಕೊಡ್ತಾನೆ," ಎಂದೆ. ಮರುದಿನ ಆ ಕಾರನ್ನೇ ಓಡಿಸಿಕೊಂಡು ಹೊನ್ನಾಳಿಗೆ ಹೋದೆ.

ಮೇಸ್ತ್ರಿ ವಾದ ಮಾಡುವ ಜಾತಿಯವನಲ್ಲ. ಕ್ಲಚ್ ಪೆಡಲಿಗೆ ಒಂದು ಹಗ್ಗ ಕಟ್ಟಿ, ಅದನ್ನು ನೆಲದ ಕೊಂಡಿಯೊಂದರಲ್ಲಿ ತೂರಿಸಿ ಗೇರು ರಾಡಿನ ಹತ್ತಿರಕ್ಕೆ ತಂದು, ತುದಿಗೆ ಬೈಕಿನ ಬ್ರೇಕ್ ಹಿಡಿಯೊಂದನ್ನು ಸಿಕ್ಕಿಸಿದ. "ಕೂಕಳ್ರಿ ಸಾವ್ಕಾರ್ರೆ. ಎಡಗಾಲು ಮಡಚಿಕ್ರಿ. ಇದನ್ನೇ ಹಿಡ್ಕಂಡು ಬಸ್‌ಸ್ಟ್ಯಾಂಡ್ ಮಟ ಹೋಗಿ ಬರ್ರಿ."

ಹೋಗಿ ಬಂದೆ. ಸಂತೆಯ ದಿನ. ಎಮ್ಮೆ ಅಡ್ಡ ಬಂದರೆ ಹಿಡಿ ಎಳೆ, ಆಟೋ ನಿಂತರೆ ಎಳೆ, ಗೇರು ಬದಲಿಸಲು ಎಳೆ. ವಾಪಸ್ ಬಂದಾಗ ನನ್ನ ಬೆರಳುಗಳು ಮಡಚಲು ಬಾರದಂತೆ ಮರಗಟ್ಟಿದ್ದವು.

"ಹೆಂಗೈತೆ?" ಎಂದ ಮೇಸ್ತ್ರಿ.

"ಕೈ ಬಿದ್ದೋಯ್ತು ಮಾರಾಯ."

"ಇದು ದೊಡ್ಡ ಕ್ಲಚ್ಚು. ಆ ಯಮ್ಮ ಇದನ್ನ ದಿನಾ ಎಳ್ಕಂಡು ಹೋಗಿ, ಅದೇ ಕೈಯಾಗೆ ರೋಗಿಗೆ ಸೂಜಿ ಚುಚ್ಚಬೇಕಲ್ರೀ. ಕೈ ನಡುಗಿದ್ರೆ? ಸಣ್ಣ ಕಾರು ತರ್ರಿ, ಹಳೇ ಎಂಟ್ನೂರು ಸಿಸಿದು. ಅದರ ಕ್ಲಚ್ಚು ಒಂದು ಬೆರಳಿಗೆ ಬರತೈತೆ."

ಇಲ್ಲಿ ನಿಮಗೊಂದು ಮಾತು. ಕಾರು ಯಾರಿಗೆ ಎಂದು ಮೊದಲು ಗೊತ್ತಾಗಬೇಕು, ಯಾವ ಕಾರು ಎನ್ನುವುದು ಆಮೇಲೆ. ನಾನು ಎಷ್ಟೋ ವರ್ಷದಿಂದ ಈ ವ್ಯಾಪಾರ ಮಾಡಿಯೂ ಅವತ್ತು ಉಲ್ಟಾ ಮಾಡಿದ್ದೆ. ಹಗ್ಗ ಎಳೆದ ಮೇಲೆ ಬುದ್ಧಿ ಬಂತು.

ಸಣ್ಣ ಕಾರುಗಳೇನೋ ಇದ್ದವು. ನೋಡಿದರೆ ಒಂದರ ಎಂಜಿನ್ ಹೊಗೆಯ ಗೂಡು, ಇನ್ನೊಂದು ಅಪಘಾತದಲ್ಲಿ ಸೊಟ್ಟಗಾಗಿ ತಟ್ಟಿ ನೇರ ಮಾಡಿದ್ದು. ಒಳ್ಳೆಯವೆಲ್ಲ ಗುಜರಿಗೆ ಹೋಗಿ ಮುಗಿದಿದ್ದವು. ಕೊನೆಗೆ ಮೇಸ್ತ್ರಿಯೇ ನೆನಪಿಸಿಕೊಂಡ: "ನ್ಯಾಮ್ತೀಲಿ ಬಳೆ ಅಜ್ಜಂದು ಒಂದು ನಿಂತೈತೆ. ಆದ್ರೆ ಅದನ್ನ ಕಾರು ಅನ್ನಾಕೆ ಧೈರ್ಯ ಬೇಕು."

ಬಳೆ ಅಜ್ಜ ನ್ಯಾಮತಿಯಲ್ಲಿದ್ದುಕೊಂಡು ಸುತ್ತಲಿನ ಸಂತೆಗಳಿಗೆಲ್ಲ ಗಾಜಿನ ಬಳೆ ಒಯ್ದು ಮಾರುತ್ತಿದ್ದವರು. ಕಣ್ಣು ಮಂಜಾದ ಮೇಲೆ ಓಡಾಟ ಬಿಟ್ಟಿದ್ದರು. ಅಂದಿನಿಂದ ಕಾರು ಹಿತ್ತಿಲಿನಲ್ಲಿ, ಬಳೆ ಪೆಟ್ಟಿಗೆಗೆ ಸುತ್ತುವ ಗೋಣಿತಟ್ಟು ಹೊದ್ದು ನಿಂತಿತ್ತು. ಹಿಂದಿನ ಸೀಟು ಮೊದಲೇ ಕಿತ್ತು ಹಾಕಿದ್ದರು. ಅಲ್ಲಿ ಈಗ ಕೋಳಿ ಕಾವಿಗೆ ಕೂತಿತ್ತು. ನಾಲ್ಕೂ ಟೈರು ನೆಲ ಹಿಡಿದಿದ್ದವು. ಎಡಬದಿಯ ಕಾಲಿಡುವ ಜಾಗದಲ್ಲಿ ತಗಡು ತುಕ್ಕು ತಿಂದು, ಒಳಗಿನಿಂದಲೇ ಕೆಳಗಿನ ಹುಲ್ಲು ಕಾಣುತ್ತಿತ್ತು. ಮೀಟರ್ ಮುಳ್ಳು ನಿಂತು ಯಾವ ಕಾಲವಾಗಿತ್ತೋ. ನಿಲ್ಲುವ ಮುಂಚಿನ ಅಂಕಿಯೇ ಲಕ್ಷಗಟ್ಟಲೆ ಇತ್ತು.

"ಯಜಮಾನ್ರೇ, ಸರ್ವೀಸ್ ಯಾವಾಗ ಮಾಡ್ಸಿದ್ರಿ?"

"ಸರ್ವೀಸಾ? ಯಾಕೆ ತಮ್ಮಾ, ಅದೇನೂ ಕೆಟ್ಟಿರಲಿಲ್ವಲ್ಲ."

"ಎಂಜಿನ್ ಆಯಿಲ್ ಬದಲಾಯಿಸಿದ್ದು?"

"ಅದು ಕೆಳಗೆ ಸೋರ್ತಿತ್ತು, ನಾನು ಮೇಲೆ ಹಾಕ್ತಿದ್ದೆ."

ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಆದರೆ ಬಾನೆಟ್ ಎತ್ತಿ ನೋಡಿದಾಗ ನಗು ನಿಂತಿತು. ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ತಿರುಗಿಸಿ ನೋಡಿದೆ. ಒಳಗೆ ಮೊಸರಿನಂಥ ಬಿಳಿ ಕೆಸರು ಇದ್ದರೆ ಎಂಜಿನ್ನಿಗೆ ನೀರು ಇಳಿದಿದೆ ಎಂದರ್ಥ. ಅಂಥ ಕಾರಿನ ಹತ್ತಿರ ನಿಲ್ಲಲೂಬೇಡಿ. ಇದರಲ್ಲಿ ಕಪ್ಪಗಿತ್ತು, ಕೆಸರಿರಲಿಲ್ಲ. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿದರೆ ಒಣ ಮಸಿ ಬಂತು, ಜಿಡ್ಡು ಅಂಟಲಿಲ್ಲ. ಪಾನಾ ಹಾಕಿ ಎಂಜಿನ್ನಿನ ಪುಲ್ಲಿಯನ್ನು ಕೈಯಿಂದ ತಿರುಗಿಸಿದೆ. ಜಾಮ್ ಆಗಿರುತ್ತದೆ ಎಂದುಕೊಂಡಿದ್ದೆ. ಸ್ವಲ್ಪ ಮುನಿಸು ತೋರಿಸಿ ತಿರುಗಿತು.

ನಾನು ಮೊದಲು ದನದ ದಲ್ಲಾಳಿ. ಹೆಗಲ ಮೇಲಿನ ಟವೆಲ್ಲು ಅಂದಿನದೇ ಅಭ್ಯಾಸ. ಸಂತೆಯಲ್ಲಿ ಹತ್ತು ಜನರ ಮುಂದೆ ದರ ಬಾಯಿಬಿಟ್ಟು ಹೇಳುವಂತಿಲ್ಲ. ಟವೆಲ್ಲಿನಡಿ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಹೇಳಬೇಕು. ಅಜ್ಜನ ಮಗ, ಸೊಸೆ, ಪಕ್ಕದ ಮನೆಯವರು ಎಲ್ಲ ಸುತ್ತ ನಿಂತಿದ್ದರಿಂದ ನಾನು ಟವೆಲ್ ಬಿಡಿಸಿದೆ. ಅಜ್ಜನಿಗೂ ಆ ಪದ್ಧತಿ ಗೊತ್ತಿತ್ತು. ಕೈ ಒಳಗಿಟ್ಟರು.

ನಾನು ಎಷ್ಟೋ ಜನರ ಬೆರಳು ಹಿಡಿದವನು. ಆದರೆ ಜೀವನವಿಡೀ ಹೆಂಗಸರ ಕೈಗೆ ನೋವಾಗದಂತೆ ಬಳೆ ಏರಿಸಿದ ಬೆರಳುಗಳ ಜೊತೆ ಚೌಕಾಸಿ ಮಾಡಿರಲಿಲ್ಲ. ನಾನು ಎರಡು ಬೆರಳು ಹಿಡಿದರೆ ಅವರು ಮೆಲ್ಲಗೆ, ನನಗೇ ಗೊತ್ತಾಗದಂತೆ, ಮೂರನೆಯದನ್ನು ನನ್ನ ಮುಷ್ಟಿಗೆ ತೂರಿಸುತ್ತಿದ್ದರು. ನಾನು ಜಾರಿಸಿಕೊಂಡರೆ ಗಿಣ್ಣು ಹಿಡಿದು ಅಲ್ಲೇ ನಿಲ್ಲಿಸುತ್ತಿದ್ದರು. ಮುಖದಲ್ಲಿ ಮಾತ್ರ ಏನೂ ಇಲ್ಲ. ಮಂಜು ಕಣ್ಣಿನಲ್ಲಿ ಕೋಳಿಯ ಕಡೆ ನೋಡುತ್ತಿದ್ದರು.

"ಯಜಮಾನ್ರೇ, ಗುಜರಿಯವ್ರು ಇದರ ಅರ್ಧ ಕೊಡಲ್ಲ."

"ಗುಜರಿಯವ್ನು ಬಂದಿದ್ದ. ಅವನು ಬಾನೆಟ್ ಎತ್ತಲಿಲ್ಲ. ನೀನು ಎತ್ತಿದೆ, ಬಾಯಿ ಮುಚ್ಚಿದೆ. ಅಷ್ಟು ಸಾಕಲ್ಲ ನಂಗೆ." ಮತ್ತೆ ಗಿಣ್ಣು ಒತ್ತಿದರು. "ಕೈ ಬಿಗಿ ಹಿಡೀಬೇಡ ತಮ್ಮಾ, ಸಡ್ಲ ಬಿಡು. ಬಿಗಿ ಹಿಡಿದ್ರೆ ಯಾವ ಬಳೇನೂ ಏರಲ್ಲ."

ಸುತ್ತಲಿನವರು ನಕ್ಕರು. ನಾನು ಸಡಿಲಬಿಟ್ಟೆ. ಎಲ್ಲಿ ಮುಗಿಯಿತೆಂದು ಹೇಳುವುದಿಲ್ಲ. ಟವೆಲ್ಲಿನಡಿಯ ಮಾತು ಅಲ್ಲೇ ಇರಬೇಕು. ಕಾರು ಯಾರಿಗೆಂದು ಮಾತ್ರ ನಾನು ಬಾಯಿಬಿಡಲಿಲ್ಲ. ಕೊಳ್ಳುವವರ ಕಷ್ಟವನ್ನು ಮುಂದಿಟ್ಟು ದರ ಇಳಿಸುವುದು ನನಗೆ ಸೇರುವುದಿಲ್ಲ. ಕೆಲವರು ಕರಗುತ್ತಾರೆ, ಕೆಲವರು ಇವರಿಗೆ ಬೇಕೇ ಬೇಕು ಎಂದು ತಿಳಿದು ಏರಿಸುತ್ತಾರೆ. ಎರಡೂ ವ್ಯಾಪಾರವಲ್ಲ.

ಬಹುಕಾಲ ನಿಂತ ಕಾರಿಗೆ ಬಂದ ತಕ್ಷಣ ಬ್ಯಾಟರಿ ಹಾಕಿ ಕೀಲಿ ತಿರುಗಿಸುವುದು ದೊಡ್ಡ ತಪ್ಪು. ಮೇಸ್ತ್ರಿ ಬೈಕಿನಲ್ಲಿ ನ್ಯಾಮತಿಗೆ ಬಂದ. ಮೊದಲು ಟ್ಯಾಂಕಿನ ಹಳೇ ಪೆಟ್ರೋಲು ಇಳಿಸಿದ. ಅದು ಬಣ್ಣದ ಅಂಗಡಿಯ ವಾಸನೆ ಹೊಡೆಯುತ್ತಿತ್ತು. ಮೂರೂ ಪ್ಲಗ್ ಬಿಚ್ಚಿ, ತೂತುಗಳಿಗೆ ಸ್ವಲ್ಪ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಬಿಟ್ಟೆವು. ಮರುದಿನ ಟೈಮಿಂಗ್ ಬೆಲ್ಟು ಹೊಸದು. ಹಳೆಯದು ಕೈಯಲ್ಲಿ ಬಗ್ಗಿಸಿದರೆ ಬಿರುಕು ಬಿಡುತ್ತಿತ್ತು. ಓಡುತ್ತಿರುವಾಗ ಹರಿದಿದ್ದರೆ ನಡುರಸ್ತೆಯಲ್ಲಿ ನಿಲ್ಲುತ್ತಿತ್ತು. ಆಮೇಲೆ ಕಾರ್ಬುರೇಟರ್ ಬಿಚ್ಚಿ ತೊಳೆದು, ಬಾಟಲಿಯಲ್ಲಿ ಹೊಸ ಪೆಟ್ರೋಲು ನೇತುಹಾಕಿ, ಪುಲ್ಲಿಯನ್ನು ಕೈಯಿಂದ ಸುತ್ತಿಸಿ ನೋಡಿ, ಕೊನೆಗೆ ಬ್ಯಾಟರಿ.

ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಪ್ಲಗ್ಗಿನಲ್ಲಿ ಕಿಡಿ ಇದೆ, ಪೆಟ್ರೋಲು ಬರುತ್ತಿದೆ. ಮಧ್ಯಾಹ್ನದವರೆಗೆ ಒದ್ದಾಡಿದೆವು. ಅಜ್ಜ ಜಗಲಿಯಿಂದ ಕೇಳಿದರು: "ಮೂಗು ನೋಡಿದ್ರಾ?"

ಗಾಳಿ ಎಳೆಯುವ ಕೊಳವೆಯನ್ನು ಅವರು ಮೂಗು ಎನ್ನುತ್ತಿದ್ದರು. ಬಿಚ್ಚಿದರೆ ಒಳಗೆ ಕಣಜದ ಹುಳುವಿನ ಮಣ್ಣುಗೂಡು, ಬಿರಡೆ ಹಾಕಿದ ಹಾಗೆ. ಕಿತ್ತು ಹಾಕಿ ಸೆಲ್ಫ್ ಹೊಡೆದರೆ ಒಂದು ಸಲ ಕೆಮ್ಮಿತು, ಎರಡನೇ ಸಲ ಹಿಡಿಯಿತು. ಹಿತ್ತಿಲು ತುಂಬ ನೀಲಿ ಹೊಗೆ. ನಾವು ಬಿಟ್ಟಿದ್ದ ಆಯಿಲ್ ಸುಟ್ಟು ಮುಗಿಯುವವರೆಗೆ ಕಾದೆವು. ಹೊಗೆ ಹೋಯಿತು, ಸದ್ದು ಉಳಿಯಿತು. ಮೂರು ಸಿಲಿಂಡರಿನ ಆ ಗುರುಗುರು ಸದ್ದಿಗೆ ಕೋಳಿ ಎದ್ದು ಹೋಗಿ ಬೇಲಿ ಮೇಲೆ ಕೂತಿತು.

ಟೈರಿಗೆ ಗಾಳಿ ತುಂಬಿ ಹೊರಟರೆ, ಹೊನ್ನಾಳಿ ಸೇರುವಷ್ಟರಲ್ಲಿ ಮತ್ತೊಂದು ತೊಂದರೆ. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ತಕ್ಷಣ ನಿಲ್ಲಿಸಿ, ಮುಚ್ಚಳ ಬಿಚ್ಚದೆ ಕಾದೆವು. ರೇಡಿಯೇಟರ್ ಪೂರ್ತಿ ಕಟ್ಟಿಕೊಂಡಿತ್ತು, ಫ್ಯಾನಿನ ಸ್ವಿಚ್ಚು ಸತ್ತಿತ್ತು. ಇಷ್ಟು ಕಾದ ಎಂಜಿನ್ನಿನ ಹೆಡ್ಡು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಬಗ್ಗಬಹುದು. ಬಗ್ಗಿದರೆ ಇಷ್ಟು ದಿನದ ಕೆಲಸವೂ ಹೋಯಿತು, ಟೆಸ್ಟಿನ ದಿನವೂ ಹೋಯಿತು.

ಗ್ಯಾರೇಜಿನಲ್ಲಿ ಮೇಸ್ತ್ರಿ ಕಂಪ್ರೆಷನ್ ಗೇಜು ತಂದ. ಸಿಲಿಂಡರಿನೊಳಗೆ ಎಷ್ಟು ಒತ್ತಡ ನಿಲ್ಲುತ್ತದೆ ಎಂದು ಅಳೆಯುವ ಗಡಿಯಾರ ಅದು. ಒಂದಕ್ಕೆ ಹಾಕಿದ, ಮುಳ್ಳು ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಎರಡನೆಯದಕ್ಕೂ ಅದೇ ಗೆರೆ. ಮೂರನೆಯದಕ್ಕೆ ಹಾಕಿ, ಗೇಜನ್ನು ಬಡಿದು ನೋಡಿ, ಇನ್ನೊಂದು ಗೇಜು ತರಿಸಿ ಮತ್ತೆ ಹಾಕಿದ. ಮೂರೂ ಹತ್ತಿರ ಹತ್ತಿರ ಒಂದೇ.

"ಈ ಮೀಟರ್ ಸುಳ್ಳು," ಎಂದ. "ಲಕ್ಷ ಲಕ್ಷ ಓಡಿದ ಎಂಜಿನ್ ಹಿಂಗಿರಾಕೆ ಸಾಧ್ಯ ಇಲ್ಲ."

"ಮೀಟರ್ ನಿಂತ ಮೇಲೂ ಗಾಡಿ ಓಡೈತಲ್ಲೋ. ಮೀಟರ್ ಸುಳ್ಳು ಹೇಳಿದ್ರೆ ಕಮ್ಮಿ ಹೇಳೈತೆ."

ಅಜ್ಜನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಯಜಮಾನ್ರೇ, ನೀವು ಈ ಗಾಡಿ ಹೆಂಗೆ ಓಡಿಸ್ತಿದ್ರಿ?"

"ಹೆಂಗೆ ಅಂದ್ರೆ? ಹಿಂದೆ ಗಾಜು ತುಂಬ್ಕಂಡು ಯಾರಾದ್ರೂ ಕುಣಿಸ್ತಾರೇನಪ್ಪ? ಸ್ಟಾರ್ಟ್ ಮಾಡಿ ಒಂದು ಬೀಡಿ ಸೇದಿ ಮುಗಿಸ್ತಿದ್ದೆ, ಆಮೇಲೆ ಹೊರಡ್ತಿದ್ದೆ. ಸೈಕಲ್ಲಿನೋರು ಕೂಡ ನನ್ನ ದಾಟಿ ಹೋಗ್ತಿದ್ರು. ಗುಂಡಿ ಬಂದ್ರೆ ಇಳಿದು ನೋಡಿ, ಎಲ್ಲಿ ಗಾಲಿ ಇಡಬೇಕು ಅಂತ ನೋಡಿ ಇಡ್ತಿದ್ದೆ. ಒಂದು ಡಜನ್ ಒಡೆದ್ರೆ ಆ ಸಂತೆ ಲಾಭ ಹೋದಂಗೆ."

ಮೇಸ್ತ್ರಿ ನನ್ನ ಮುಖ ನೋಡಿದ. ಎಂಜಿನ್ನಿಗೆ ತಣ್ಣಗಿರುವಾಗಲೇ ಏಟು ಬೀಳುತ್ತದೆ, ದಿಢೀರ್ ಎಳೆದಾಗ ಬೀಳುತ್ತದೆ. ಅಜ್ಜ ಕಾರಿಗೆ ಮಾಡಬೇಕಾದ ಯಾವ ಸೇವೆಯನ್ನೂ ಮಾಡಿರಲಿಲ್ಲ. ಬಳೆಗೆ ಮಾಡಿದ್ದರು. ಸೋರಿದಷ್ಟೂ ಹೊಸ ಆಯಿಲ್ ಸುರಿದು, ತಮಗೇ ಗೊತ್ತಿಲ್ಲದೆ ಅದರ ಹೊಟ್ಟೆಯನ್ನು ತಕ್ಕಮಟ್ಟಿಗೆ ಹಸನಾಗಿಯೂ ಇಟ್ಟಿದ್ದರು. ಇಷ್ಟಾದರೂ ಇದನ್ನು ಓದಿ ನೀವು ಸರ್ವೀಸ್ ಬಿಡಬೇಡಿ. ನಿಮ್ಮ ಹಿಂದಿನ ಸೀಟಿನಲ್ಲಿ ಬಳೆ ಇರುವುದಿಲ್ಲ.

ಎಡಬದಿಯ ತುಕ್ಕು ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಿದೆವು. ರೇಡಿಯೇಟರ್ ಬಿಚ್ಚಿ ಸರಳು ಹಾಕಿ ಶುಚಿ ಮಾಡಿ, ಫ್ಯಾನಿಗೆ ಹೊಸ ಸ್ವಿಚ್ಚು ಕೊಟ್ಟೆವು. ಬ್ರೇಕಿನ ಪೈಪು, ಟೈರು, ದೀಪ ಎಲ್ಲ ಹೊಸದು. ಅದರಲ್ಲಿ ಉಳಿತಾಯ ನೋಡುವವನು ಮೂರ್ಖ. ಗೇರು ರಾಡಿನ ತಲೆಗೆ ಬೈಕಿನ ಕ್ಲಚ್ ಹಿಡಿ ಕೂರಿಸಿ, ಅಲ್ಲಿಂದ ಪೆಡಲಿಗೆ ತಂತಿ ಎಳೆದ ಮೇಸ್ತ್ರಿ. ಹಿಡಿ ಒತ್ತಿದರೆ ಪೆಡಲು ತಾನೇ ಕೆಳಗೆ ಹೋಗುತ್ತದೆ. ಅದೇ ಕೈಯಲ್ಲಿ ಗೇರು ಬದಲಿಸಬಹುದು. ನಾನು ಎಡಗಾಲನ್ನು ಸೀಟಿನ ಮೇಲೆ ಮಡಚಿ, ಟವೆಲ್ಲಿನಿಂದ ಕಟ್ಟಿಕೊಂಡು ಹೊರಟೆ. ಕಾಲು ಬಿಟ್ಟಿದ್ದರೆ ಅಭ್ಯಾಸಬಲದಿಂದ ಪೆಡಲಿಗೇ ಹೋಗುತ್ತಿತ್ತು.

ತುಂಗಭದ್ರೆಯ ಸೇತುವೆಯ ನಡುವೆ ತಂತಿ ಪಟ್ಟನೆ ಹರಿಯಿತು. ಮುಂದೆ ಭತ್ತದ ಲಾರಿ, ಹಿಂದೆ ಬಸ್ಸು, ಎಡಗಾಲು ಕಟ್ಟಿದೆ. ಎಂಜಿನ್ ಆರಿಸಿ ನಿಂತೆ. ಹಿಂದಿನ ಬಸ್ಸಿನ ಡ್ರೈವರ್ ಇಳಿದು ಬಂದು ಕಿಟಕಿಯಲ್ಲಿ ಇಣುಕಿದ.

"ಏನ್ರೀ ಇದು, ಕಾಲಿಗೆ ಟವೆಲ್ ಸುತ್ಕಂಡೀರಿ? ಮುರೀತಾ?"

"ಇಲ್ಲಪ್ಪ, ನಾನೇ ಕಟ್ಕಂಡಿದೀನಿ."

ಅವನು ಒಂದು ಗಳಿಗೆ ಯೋಚಿಸಿ, "ಮನೇಲಿ ಹೇಳಿ ಬಂದೀರಾ?" ಎಂದು ಕೇಳಿ, ನಾಲ್ಕು ಜನರನ್ನು ಕರೆದು ತಳ್ಳಿಸಿದ.

ತಂತಿ ಬೈಕಿನದು, ತೆಳು. ಅದೇ ಸೊಕ್ಕೆ ರಸ್ತೆಯಲ್ಲಿ ಅವಳೊಬ್ಬಳೇ ಇರುವಾಗ ಹರಿದಿದ್ದರೆ? ಮೇಸ್ತ್ರಿ ತಲೆ ತಗ್ಗಿಸಿ ದಪ್ಪ ತಂತಿ ಹಾಕಿದ, ಜೊತೆಗೆ ಎರಡನೆಯದೊಂದನ್ನೂ ಎಳೆದ. ಒಂದು ಹರಿದರೂ ಇನ್ನೊಂದು ಮನೆ ಮುಟ್ಟಿಸಬೇಕು. ಆದರೆ ಆ ಘಟನೆಯಿಂದ ಅವನಿಗೆ ಭಯ ಹೊಕ್ಕಿತು.

"ಸಾವ್ಕಾರ್ರೆ, ಎಂಜಿನ್ನೂ ಬಿಚ್ಚಿಬಿಡಾನ. ರಿಂಗು, ಬೇರಿಂಗು ಎಲ್ಲ ಹೊಸದು ಹಾಕಾನ. ಇದು ನಡೆಯಾಕೆ ಬರದೋರ ಕೈಗೆ ಹೋಗೋ ಗಾಡಿ. ಗೇಜು ಏನಾದ್ರೂ ಹೇಳ್ಲಿ, ವಯಸ್ಸು ವಯಸ್ಸೇ."

ಮಾತು ಸರಿಯಿತ್ತು. ಬಿಚ್ಚಿದರೆ ಕೆಲಸ ಮುಗಿಯುವಾಗ ಟೆಸ್ಟಿನ ದಿನ ದಾಟುತ್ತದೆ. ಮುಂದಿನ ದಿನಾಂಕ ಸಿಗುವಷ್ಟರಲ್ಲಿ ಗುತ್ತಿಗೆ ಇನ್ನೊಬ್ಬರಿಗೆ. ಬಿಚ್ಚದಿದ್ದರೆ ಗ್ಯಾರಂಟಿ ಇಲ್ಲ. ಜೊತೆಗೆ ನನ್ನದೊಂದು ನಂಬಿಕೆ: ಬಹುಕಾಲ ಒಂದಕ್ಕೊಂದು ಉಜ್ಜಿ ಹೊಂದಿಕೊಂಡ ಭಾಗಗಳ ನಡುವೆ ಹೊಸದನ್ನು ತುರುಕಿದರೆ ಜಗಳ ಶುರುವಾಗಬಹುದು. ಆದರೆ ನನ್ನ ನಂಬಿಕೆಯ ಮೇಲೆ ಇನ್ನೊಬ್ಬರನ್ನು ರಸ್ತೆಗೆ ಬಿಡುವಂತಿಲ್ಲ. ಅವಳಿಗೇ ಫೋನ್ ಮಾಡಿ ಎರಡು ಕಡೆಯದನ್ನೂ ಬಿಡಿಸಿ ಹೇಳಿದೆ.

ಅವಳು ಕೇಳಿದ್ದು ಒಂದೇ. "ಅಣ್ಣಾರೆ, ಟೆಸ್ಟ್ ರಿಪೋರ್ಟ್ ಹೆಂಗ್ ಬಂದೈತೆ?"

"ರಿಪೋರ್ಟ್ ಚೆನ್ನಾಗೈತೆ ತಂಗ್ಯಮ್ಮ. ಗೇಜು ಮೂರಕ್ಕೂ ಒಂದೇ ತೋರಿಸ್ತು."

"ರಿಪೋರ್ಟ್ ಸರಿ ಬಂದೋರಿಗೆ ಯಾರಾದ್ರೂ ಆಪರೇಷನ್ ಮಾಡ್ತಾರಾ? ಬೇಕಾದ್ರೆ ಇನ್ನೊಂದು ಟೆಸ್ಟ್ ಮಾಡ್ರಿ."

ಇನ್ನೊಂದು ಟೆಸ್ಟ್ ಮಾಡಲು ತೀರ್ಮಾನಿಸಿದೆ. ಬೇಸಿಗೆಯ ನಡುಹಗಲು, ಎಡಗಾಲು ಮತ್ತೆ ಕಟ್ಟಿಕೊಂಡು, ಹಿಂದೆ ಸಿಮೆಂಟಿನ ಚೀಲ ಹೇರಿಕೊಂಡು, ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊನ್ನಾಳಿಯಿಂದ ಚನ್ನಗಿರಿ, ಅಲ್ಲಿಂದ ಸೂಳೆಕೆರೆ ದಾಟಿ ದಾವಣಗೆರೆ, ಜಗಳೂರು, ಸೊಕ್ಕೆ. ಎಲ್ಲಾದರೂ ಮುಳ್ಳು ಕೆಂಪಿಗೆ ಹೋದರೆ, ಹೊಗೆ ಬಂದರೆ, ಅಲ್ಲಿಂದಲೇ ಲಾರಿಗೆ ಹೇರಿ ತಂದು ಎಂಜಿನ್ ಬಿಚ್ಚುವುದು; ಟೆಸ್ಟಿನ ಆಸೆ ಬಿಡುವುದು.

ಸೂಳೆಕೆರೆಯವರೆಗೆ ಮುಳ್ಳು ನಡುವೆಯೇ ನಿಂತಿತ್ತು. ದಾವಣಗೆರೆಯ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೊರಟೆವು. ನಿಂತಾಗ ಫ್ಯಾನು ತಿರುಗುತ್ತಿತ್ತು, ಮುಳ್ಳು ಇಳಿಯುತ್ತಿತ್ತು. ಕಷ್ಟ ಬಂದಿದ್ದು ಜಗಳೂರಿನ ಕಡೆ. ಆ ಬಯಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನೆಟ್ಟಿಲ್ಲ. ಎದುರುಗಾಳಿ ಕಾರನ್ನು ಎದೆಗೆ ಕೈ ಕೊಟ್ಟು ತಳ್ಳುತ್ತದೆ. ಏರು ಬೇರೆ. ನಾಲ್ಕನೇ ಗೇರಿನಲ್ಲಿ ಎಳೆಯಲಿಲ್ಲ, ಮೂರಕ್ಕೆ ಹಾಕಿದೆ. ಎಂಜಿನ್ ಕೂಗಿತು. ಮೇಸ್ತ್ರಿ ಹಿಂದೆ ತಿರುಗಿ ಹೊಗೆ ನೋಡುತ್ತಿದ್ದ, ನಾನು ಮುಳ್ಳು ನೋಡುತ್ತಿದ್ದೆ. ಏರು ಮುಗಿದು ರಸ್ತೆ ಸಮವಾದಾಗ ಅವನು ಮುಂದಕ್ಕೆ ತಿರುಗಿ, ಕಿಟಕಿಯಾಚೆ ಉಗಿದು, "ಅಜ್ಜ ಗೆದ್ದ," ಎಂದ.

ಸೊಕ್ಕೆಯಲ್ಲಿ ಅವಳ ಅಪ್ಪ, ಟ್ರ್ಯಾಕ್ಟರ್ ಓಡಿಸುವವರು, ಕಾರಿನ ಸುತ್ತ ಎರಡು ಸುತ್ತು ಬಂದರು. "ಇದರಾಗೆ ಅಲ್ಲಿಂದ ಬಂದ್ರಾ?" ಎಂದವರು ಮತ್ತೆ ಏನೂ ಕೇಳದೆ ಮಜ್ಜಿಗೆ ತರಲು ಒಳಗೆ ಹೋದರು.

ಆರ್‌ಸಿಗೆ ಕೈಕ್ಲಚ್ಚಿನ ನಮೂದು ಆಯಿತು. ಮಗಳಿಗೆ ಕಲಿಸಲು ಅಪ್ಪ ಅವಳನ್ನು ಸೂಳೆಕೆರೆ ಪಕ್ಕದ ತಮ್ಮ ತಂಗಿಯ ಮನೆಗೆ ಕರೆತಂದರು. ಅಂಗಡಿ ಹತ್ತಿರ, ಏನಾದರೂ ಆದರೆ ನಾನಿದ್ದೇನೆ ಎಂದು. ಸಮ ರಸ್ತೆಯಲ್ಲಿ ಅವಳು ಬಹಳ ಬೇಗ ಹಿಡಿದುಕೊಂಡಳು. ಸೂಜಿ ಹಿಡಿಯುವ ಕೈ. ಕ್ಲಚ್ಚನ್ನು ಬಿಡುವಾಗ ನನಗಿಂತ ನಯ. ಆದರೆ ಕೆರೆ ಏರಿಗೆ ಹತ್ತುವ ಇಳಿಜಾರಿನಲ್ಲಿ ನಮ್ಮ ಲೆಕ್ಕವೆಲ್ಲ ಉಲ್ಟಾ ಹೊಡೆಯಿತು.

ಏರಿನಲ್ಲಿ ನಿಂತ ಕಾರನ್ನು ಹೊರಡಿಸುವಾಗ ಬಲಗಾಲು ಆಕ್ಸಿಲೇಟರಿಗೆ ಬೇಕು; ನೀವು ಎಡಗಾಲಿನಲ್ಲಿ ಕ್ಲಚ್ಚು, ಕೈಯಲ್ಲಿ ಹ್ಯಾಂಡ್‌ಬ್ರೇಕು ಹಿಡಿಯುತ್ತೀರಿ. ಇವಳಿಗೆ ಎರಡೂ ಒಂದೇ ಎಡಗೈಯಲ್ಲಿ. ಹ್ಯಾಂಡ್‌ಬ್ರೇಕ್ ಬಿಡಲು ಕೈ ತೆಗೆದರೆ ಕ್ಲಚ್ಚು ಬಿಟ್ಟುಹೋಗಿ ಕಾರು ಎಗರಿ ಆಫ್ ಆಗುತ್ತದೆ. ಕ್ಲಚ್ಚು ಹಿಡಿದರೆ ಹ್ಯಾಂಡ್‌ಬ್ರೇಕಿಗೆ ಕೈಯಿಲ್ಲ. ಇದು ನನಗಾಗಲಿ ಮೇಸ್ತ್ರಿಗಾಗಲಿ ಹೊಳೆದೇ ಇರಲಿಲ್ಲ. ಕಾಲು ಕಟ್ಟಿಕೊಂಡು ಅಷ್ಟು ದೂರ ಹೋದ ನಾನು ಏರಿನಲ್ಲಿ ಒಮ್ಮೆಯೂ ನಿಂತಿರಲಿಲ್ಲ! ಟೆಸ್ಟಿನಲ್ಲಿ ಏರಿನ ಮೇಲೆ ನಿಲ್ಲಿಸಿ ಹೊರಡಿಸುವುದು ಖಂಡಿತ.

ಮೊದಲ ಸಲ ಕಾರು ಹಿಂದಕ್ಕೆ ಜಾರಿತು. ಹಿಂದೆ ಕೆರೆಯ ಮೀನು ಮಾರಲು ಕೂತಿದ್ದ ಹೆಂಗಸು ಬುಟ್ಟಿ ಎಳೆದುಕೊಂಡು ಕೂಗಿದಳು: "ಏ ತಾಯಿ, ಮೀನು ಆಗ್ಲೇ ಸತ್ತೈತೆ, ಇನ್ನೊಂದ್ಸಲ ಯಾಕೆ ಸಾಯಿಸ್ತೀಯ!"

ಅವಳು ನಗುತ್ತಾ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರಷ್ಟೇ ಆಗಿರಲಿಲ್ಲ. ಟೆಸ್ಟಿಗೆ ದಿನ ಕಡಿಮೆ ಉಳಿದಿತ್ತು. ಹಿಡಿಯನ್ನು ಒತ್ತಿದಲ್ಲೇ ನಿಲ್ಲಿಸಲು ಕೊಕ್ಕೆ ಮಾಡೋಣವೇ ಎಂದು ಮೇಸ್ತ್ರಿಗೆ ಫೋನ್ ಮಾಡುತ್ತಾ ನಾನು ಏರಿ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದೆ. ಅವಳು ಕಾರಿನಲ್ಲೇ ಕೂತು ಏನೋ ಮಾಡುತ್ತಿದ್ದಳು. ಎಂಜಿನ್ನಿನ ಸದ್ದು ಇಳಿಯುವುದು, ಏರುವುದು, ಇಳಿಯುವುದು ಕೇಳುತ್ತಿತ್ತು.

"ಅಣ್ಣಾರೆ, ಬರ್ರಿ ಇಲ್ಲಿ. ಇದು ಆಫೇ ಆಗ್ತಾ ಇಲ್ಲ."

ಬಲಗಾಲಿನಲ್ಲಿ ಬ್ರೇಕು ಒತ್ತಿ ಹಿಡಿದು, ಆಕ್ಸಿಲೇಟರ್ ಕೊಡದೆ, ಕ್ಲಚ್ ಹಿಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತಿದ್ದಳು. ಸಾಮಾನ್ಯ ಹಳೇ ಕಾರಾದರೆ ಆ ಭಾರಕ್ಕೆ ಎಂಜಿನ್ ಕೆಮ್ಮಿ ಸಾಯಬೇಕು. ಇದು ದನಿ ತಗ್ಗಿಸಿ, ಮೂತಿ ಎತ್ತಿ, ಬ್ರೇಕಿನ ವಿರುದ್ಧ ಎಳೆಯುತ್ತಾ ನಿಂತಿತ್ತು. ಆ ಹದದಲ್ಲಿ ಬ್ರೇಕಿನಿಂದ ಕಾಲು ತೆಗೆದಳು. ಕಾರು ಹಿಂದಕ್ಕೆ ಒಂದು ಗೇಣೂ ಬರಲಿಲ್ಲ; ಮೇಲಕ್ಕೆ ತೆವಳಿತು. ಹ್ಯಾಂಡ್‌ಬ್ರೇಕೇ ಬೇಡ.

ಆಕ್ಸಿಲೇಟರ್ ಕೊಡದಿದ್ದಾಗಿನ ಎಂಜಿನ್ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂವನ್ನು ನಾನು ಅರ್ಧ ಸುತ್ತು ಬಿಗಿ ಮಾಡಿಕೊಟ್ಟೆ. ನಮ್ಮಿಂದ ಸಂದ ಸೇವೆ ಅಷ್ಟೇ. ಸಂಜೆಯವರೆಗೆ ಅವಳು ಏರಿ ಹತ್ತಿ ಇಳಿದಳು. ಮೀನಿನ ಹೆಂಗಸು ಬುಟ್ಟಿಯನ್ನು ಮತ್ತೆ ಹಳೇ ಜಾಗಕ್ಕೇ ಇಟ್ಟುಕೊಂಡಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡವೆಂದು ನಾನು ಮನೆಗೆ ಹೊರಟೆ.

ದಾವಣಗೆರೆಯ ಟೆಸ್ಟಿಗೆ ನಾನೂ ಹೋಗಿದ್ದೆ. ಇನ್‌ಸ್ಪೆಕ್ಟರ್ ಕಾರನ್ನು ನೋಡಿ, ನನ್ನನ್ನು ನೋಡಿ, "ಇದು ಇನ್ನೂ ಬದುಕೈತೇನ್ರೀ?" ಎಂದರು. ನಾನು ಕಾಗದಪತ್ರ ಮುಂದೆ ಹಿಡಿದೆ. ಮಾತಾಡಿ ಕೆಡಿಸುವ ಜಾಗ ಅದಲ್ಲ. ಸಮ ನೆಲದ ತಿರುವುಗಳೆಲ್ಲ ಮುಗಿದವು. ಏರಿನ ನಡುವೆ ಕೈ ತೋರಿಸಿ ನಿಲ್ಲಿಸಿದರು. ಹಿಂದಿನ ಗಾಲಿಯ ಬುಡಕ್ಕೆ ಒಂದು ಸಣ್ಣ ಕಲ್ಲು ಇಟ್ಟರು. "ಇದಕ್ಕೆ ತಾಗದಂಗೆ ಹೊರಡಮ್ಮ."

ಎಂಜಿನ್ನಿನ ಸದ್ದು ಇಳಿಯಿತು. ಇನ್ನೂ ಇಳಿಯಿತು. ನನ್ನ ಪಕ್ಕದಲ್ಲಿ ಅವಳ ಅಪ್ಪ ನನ್ನ ಮುಂಗೈ ಹಿಡಿದುಕೊಂಡಿದ್ದರು; ಆ ಹಿಡಿತ ಬಿಗಿಯಾಗುತ್ತಾ ಹೋಯಿತು. ಈಗ ಆಫ್ ಆಗುತ್ತದೆ ಎನ್ನುವಷ್ಟರಲ್ಲಿ ಮೂತಿ ಎದ್ದಿತು, ಕಾರು ಹೊರಟಿತು. ಇನ್‌ಸ್ಪೆಕ್ಟರ್ ಬಗ್ಗಿ ಕಲ್ಲು ನೋಡಿದರು. ಇಟ್ಟಲ್ಲೇ ಇತ್ತು. ಅದನ್ನು ಬೂಟಿನಲ್ಲಿ ಪಕ್ಕಕ್ಕೆ ತಳ್ಳಿ, "ಮುಂದಿನೋರು ಬರ್ರಿ," ಎಂದರು.

ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಏನಾದರೂ ಆದರೆ ಫೋನ್ ಬರುತ್ತದೆ ಎಂದುಕೊಂಡೆ, ಬರಲಿಲ್ಲ. ವ್ಯಾಪಾರದಲ್ಲಿ ಅದನ್ನು ಒಳ್ಳೆಯ ಸುದ್ದಿ ಎಂದೇ ಎಣಿಸಬೇಕು, ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಮಳೆಗಾಲ ಕಳೆದ ಮೇಲೆ ಜಗಳೂರಿನಲ್ಲಿ ಒಂದು ಟ್ರ್ಯಾಕ್ಟರ್ ನೋಡುವುದಿತ್ತು. ಬೇಗ ಹೊರಟವನು ಎಂಟು ಹೊಡೆಯುವ ಮುಂಚೆಯೇ ಊರು ಸೇರಿ, ಬೇಕೆಂದೇ ಆಸ್ಪತ್ರೆಯ ಮುಂದೆ ನಿಲ್ಲಿಸಿದೆ. ಒಬ್ಬ ಮುದುಕಿ ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮೊಮ್ಮಗನನ್ನು ಎಳೆಯುತ್ತಾ ಇಡ್ಲಿ ಅಂಗಡಿಯ ಕಡೆ ಹೋಗುತ್ತಿದ್ದಳು. ಅಜ್ಜನ ಕಾರು ಬೇವಿನ ಮರದಡಿ ನಿಂತಿತ್ತು, ಬಾನೆಟ್ ಮೇಲೆ ಎಲೆ ಉದುರಿತ್ತು. ಹತ್ತಿರ ಹೋಗಿ ಎಲೆ ಸರಿಸಿ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ಬಂದು ಬಹಳ ಹೊತ್ತಾಗಿತ್ತು.